ಸೆಕೆಂಡ್ ಹ್ಯಾಂಡ್ ಥಂಡರ್‌ಬೋಲ್ಟ್: ಕೊಳ್ಳುವ ಮುಂಚೆ ತಾರಸಿ ನೋಡಿ

ನನ್ನ ಮೇಜಿನ ಮೇಲೆ ಒಂದು ಹಳೆಯ ಎಚ್‌ಪಿ 53131ಎ ಫ್ರೀಕ್ವೆನ್ಸಿ ಕೌಂಟರ್ ಇದೆ. ಒಂದು ಸಿಗ್ನಲ್ ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಎಂದು ಎಣಿಸುವ ಉಪಕರಣ ಅದು. ಒಂದು ಸೆಕೆಂಡ್ ಎಣಿಸಿ 10 ಅಂಕಿ ತೋರಿಸುತ್ತದೆ. ನಾಲ್ಕು ವರ್ಷ ಆ 10 ಅಂಕಿಯನ್ನೂ ನಂಬಿಕೊಂಡಿದ್ದೆ. ಕಳೆದ ಆಗಸ್ಟ್‌ನಲ್ಲಿ ಜಿಪಿಎಸ್‌ನಿಂದ ಸಮಯ ಹಿಡಿಯುವ ಪೆಟ್ಟಿಗೆ, ಟ್ರಿಂಬಲ್ ಕಂಪನಿಯ ಥಂಡರ್‌ಬೋಲ್ಟ್, ಮನೆಗೆ ಬಂತು. ಅದರ 10 ಮೆಗಾಹರ್ಟ್ಸ್ ಔಟ್‌ಪುಟ್ ಅನ್ನು ಕೌಂಟರಿನ ಮೊದಲ ಚಾನೆಲ್‌ಗೆ ಕೊಟ್ಟೆ. ಕೌಂಟರ್ 1,00,00,013.4 ಹರ್ಟ್ಸ್ ಎಂದಿತು. ತಪ್ಪು ಥಂಡರ್‌ಬೋಲ್ಟ್‌ನದಲ್ಲ, ಕೌಂಟರಿನದು. ಅದರೊಳಗೆ ತಾಳ ಹಾಕುವ ಹರಳು, ಅಂದರೆ ಕ್ರಿಸ್ಟಲ್, ಹತ್ತು ಲಕ್ಷಕ್ಕೆ 1.34ರಷ್ಟು ನಿಧಾನವಾಗಿತ್ತು. ಅಂದರೆ ಕೊನೆಯ ನಾಲ್ಕು ಅಂಕಿ ಇಷ್ಟು ವರ್ಷ ಸುಮ್ನೆ ಹೊಳೆಯುತ್ತಿದ್ದವು.

ನಾನು ಜಾಲಹಳ್ಳಿಯ ಒಂದು ಕಾರ್ಖಾನೆಯ ಕ್ರಿಸ್ಟಲ್ ಟೆಸ್ಟಿಂಗ್ ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿದವಳು. ಅಲ್ಲಿ ಪ್ರತಿ ಕೌಂಟರಿನ ನೆತ್ತಿಯ ಮೇಲೆ ಒಂದು ಸ್ಟಿಕ್ಕರ್ ಇರುತ್ತಿತ್ತು. ಕ್ಯಾಲಿಬ್ರೇಷನ್ (ಅಳತೆ ತಾಳೆ ನೋಡಿ ತಿದ್ದುವುದು) ಆದ ದಿನ, ಮುಂದಿನ ದಿನ, ಒಂದು ಸಹಿ. ಆ ದಿನ ದಾಟಿದರೆ ಉಪಕರಣ ಮುಟ್ಟುವಂತಿರಲಿಲ್ಲ. ನಿವೃತ್ತಿ ಆದ ಮೇಲೆ ಮನೆಯಲ್ಲಿ ಕೌಂಟರ್ ಇಟ್ಟುಕೊಂಡಾಗ ನನಗೆ ಒಳಗೊಳಗೇ ಕಾಡುತ್ತಿದ್ದುದು ಅದೇ. ಇದಕ್ಕೆ ಸ್ಟಿಕ್ಕರ್ ಯಾರು ಹಚ್ಚುತ್ತಾರೆ? ಲ್ಯಾಬಿಗೆ ಕಳಿಸಿದರೆ ದುಡ್ಡು ಆಗುತ್ತದೆ. ಆಟೋದಲ್ಲಿ ಕುಲುಕಿಸಿಕೊಂಡು ವಾಪಸ್ ತರುವಷ್ಟರಲ್ಲಿ ಕ್ರಿಸ್ಟಲ್ ಸ್ವಲ್ಪವಾದರೂ ಜರುಗಿರುತ್ತದೆ. ವರ್ಷ ಕಳೆದರೆ ಮತ್ತೆ ಅದೇ ಕಥೆ.

ಥಂಡರ್‌ಬೋಲ್ಟ್ ಈ ತೊಂದರೆಗೆ ಉತ್ತರ. ಇದು ಜಿಪಿಎಸ್ ನೋಡಿಕೊಂಡು ತನ್ನನ್ನು ತಾನೇ ತಿದ್ದಿಕೊಳ್ಳುವ ಆಸಿಲೇಟರ್, ಅಂದರೆ ಒಂದೇ ಲಯದಲ್ಲಿ ಬಡಿತ ಕೊಡುವ ಸಾಧನ. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಅವುಗಳ ಸಮಯವನ್ನು ನೆಲದ ಮೇಲಿನ ಗಡಿಯಾರಗಳ ಜೊತೆ ದಿನವೂ ತಾಳೆ ನೋಡುತ್ತಾರೆ. ಆ ಸಮಯ ನಮ್ಮ ತಾರಸಿಗೆ ಪುಕ್ಕಟೆ ಬಂದು ಬೀಳುತ್ತಿದೆ. ಅದನ್ನು ಹಿಡಿದು 10 ಮೆಗಾಹರ್ಟ್ಸ್ ಆಗಿ ಕೊಡುವುದು ಈ ಪೆಟ್ಟಿಗೆಯ ಕೆಲಸ. ಕಂಪನಿಯ ಲೆಕ್ಕದಲ್ಲಿ ಒಂದು ದಿನದ ಸರಾಸರಿ ತೆಗೆದರೆ ತಪ್ಪು ಲಕ್ಷ ಕೋಟಿಯಲ್ಲಿ ಸುಮಾರು ಒಂದು ಪಾಲು ಮಾತ್ರ. ಇದರಿಂದ ಸೆಕೆಂಡಿಗೊಮ್ಮೆ ಹೊರಬರುವ ಬಡಿತ, ಅಂದರೆ ಪಲ್ಸ್, 20 ನ್ಯಾನೋಸೆಕೆಂಡ್ ಒಳಗೆ ಸರಿ ಇರುತ್ತದೆ ಎನ್ನುತ್ತಾರೆ. ಅಷ್ಟು ಹೊತ್ತಿನಲ್ಲಿ ಬೆಳಕು ಓಡುವುದು 6 ಮೀಟರ್, ನಮ್ಮ ಹಾಲ್‌ನ ಉದ್ದಕ್ಕಿಂತ ಸ್ವಲ್ಪ ಜಾಸ್ತಿ.

ಮೊದಲು ಖರೀದಿ ವಿಷಯ ಹೇಳಿಬಿಡುತ್ತೇನೆ. ಇದು ಹೊಸದಾಗಿ ಸಿಗುವ ವಸ್ತುವಲ್ಲ. ಸಿಡಿಎಂಎ ಮೊಬೈಲ್ ಟವರ್‌ಗಳಿಗೆ ಕರಾರುವಾಕ್ಕಾದ ಸಮಯ ಬೇಕಿತ್ತು, ಅಂಥ ಕೆಲಸಕ್ಕೆ ಇವುಗಳನ್ನು ಹಾಕುತ್ತಿದ್ದರು. ಆ ಉಪಕರಣಗಳನ್ನು ಬಿಚ್ಚಿದ ಮೇಲೆ ಇವು ಹವ್ಯಾಸಿಗಳ ಕೈಗೆ ಬಂದವು. ನನಗೆ ಹೊರದೇಶದ ಒಬ್ಬ ಮಾರಾಟಗಾರನಿಂದ ಬಂತು. ಕಸ್ಟಮ್ಸ್ ಎಲ್ಲ ಸೇರಿ 21 ಸಾವಿರ ಆಯಿತು. ಆಂಟೆನಾ ಜೊತೆಗೆ ಬರುತ್ತದೆ ಎಂದು ಬರೆದಿದ್ದ. ಪೆಟ್ಟಿಗೆ ಬಿಚ್ಚಿದರೆ ಆಂಟೆನಾ ಇಲ್ಲ. ಮೂರು ಸಲ ಬರೆದ ಮೇಲೆ ಸ್ವಲ್ಪ ಹಣ ವಾಪಸ್ ಮಾಡಿದ. ಕೊಳ್ಳುವವರು ಒಳಗಿನ ಫೋಟೋ ಕೇಳಿ, ಲಾಕ್ ಆಗಿದೆ, ಅಂದರೆ ಜಿಪಿಎಸ್ ಸಮಯ ಹಿಡಿದಿದೆ ಎಂದು ತೋರಿಸುವ ಕಂಪ್ಯೂಟರ್ ಪರದೆಯ ಫೋಟೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಇದಕ್ಕೆ ಮೂರು ವೋಲ್ಟೇಜ್ ಬೇಕು. ಪ್ಲಸ್ 5, ಪ್ಲಸ್ 12, ಮೈನಸ್ 12. ಈ ಮೈನಸ್ 12 ಎಲ್ಲರನ್ನೂ ಅಲೆದಾಡಿಸುತ್ತದೆ. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ (ಎಸ್‌ಎಂಪಿಎಸ್) ಸಿಗುತ್ತದೆ, ಆದರೆ ಅದರ ಫ್ಯಾನಿನ ಸದ್ದು, ಧೂಳು ನನಗೆ ಬೇಡವಾಗಿತ್ತು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಒಂದು ಇಡೀ ಶನಿವಾರ ಸುತ್ತಿದೆ. ಮೂರು ಔಟ್‌ಪುಟ್ ಇರುವ ಸಪ್ಲೈ ಕೇಳಿದರೆ ಮೊದಲ ನಾಲ್ಕು ಅಂಗಡಿಯವರು ಎಲ್‌ಇಡಿ ಬೋರ್ಡಿನ ಸಪ್ಲೈ ತೋರಿಸಿದರು. ಐದನೆಯವರು ಮಾತ್ರ ಏಣಿ ಹತ್ತಿ ಮೇಲಿನ ಅಟ್ಟದಿಂದ ಒಂದು ಮೀನ್‌ವೆಲ್ ಆರ್‌ಟಿ-65ಬಿ ಇಳಿಸಿಕೊಟ್ಟರು. ಪೆಟ್ಟಿಗೆಯ ಮೇಲೆ ಎರಡು ವರ್ಷದ ಧೂಳು. ಒಳಗಿನದು ಹೊಚ್ಚ ಹೊಸದು. ಅವರೇ ಪ್ಲಗ್‌ಗೆ ಹಾಕಿ ಮೂರೂ ವೋಲ್ಟೇಜ್ ಮೀಟರಿನಲ್ಲಿ ತೋರಿಸಿ ಕೊಟ್ಟರು. ಥಂಡರ್‌ಬೋಲ್ಟ್ ತಣ್ಣಗಿದ್ದಾಗ ಸುಮಾರು 15 ವಾಟ್ ಎಳೆಯುತ್ತದೆ, ಬಿಸಿಯಾದ ಮೇಲೆ 10. ಆ ಸಪ್ಲೈಗೆ ಇದು ಲೆಕ್ಕಕ್ಕೇ ಇಲ್ಲ.

ಇನ್ನು ತಾರಸಿ. ಈ ಬರಹಕ್ಕೆ ಆ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. 21 ಸಾವಿರದ ಪೆಟ್ಟಿಗೆಯ ಯೋಗ್ಯತೆ ಎಷ್ಟು ಎನ್ನುವುದನ್ನು ಹೇಳುವುದು ನಿಮ್ಮ ಆಂಟೆನಾಗೆ ಕಾಣುವ ಆಕಾಶ. ನಮ್ಮ ಮನೆ ವಿದ್ಯಾರಣ್ಯಪುರದಲ್ಲಿ, ಸ್ವಂತದ್ದು, ಎರಡು ಅಂತಸ್ತು. ತಾರಸಿಯಲ್ಲಿ ನೀರಿನ ಟ್ಯಾಂಕ್, ಸೋಲಾರ್ ಹೀಟರ್, ಎರಡು ತುಳಸಿ ಕುಂಡ. ಟ್ಯಾಂಕಿನ ಸ್ಟ್ಯಾಂಡಿಗೆ ಒಂದು ಜಿಐ ಪೈಪ್ ಕಟ್ಟಿಸಿ ಅದರ ತುದಿಗೆ ಆಂಟೆನಾ ಕೂರಿಸಿದೆ. ಶಂಕುವಿನ ಆಕಾರದ ಬಿಳಿ ಟೈಮಿಂಗ್ ಆಂಟೆನಾ, ಇಲ್ಲಿಯೇ ಬೇರೆಯಾಗಿ ಕೊಂಡಿದ್ದು. ಅದರ ತಲೆ ಮೊನಚಾಗಿರುವುದರಿಂದ ಪಾರಿವಾಳ ಕೂರುವುದಿಲ್ಲ. ಬೆಂಗಳೂರಿನಲ್ಲಿ ಇದು ಸಣ್ಣ ಮಾತಲ್ಲ.

ಥಂಡರ್‌ಬೋಲ್ಟ್ ಹಿಂದೆ ಇರುವುದು ಟಿವಿ ಕೇಬಲ್ಲಿನ ಎಫ್ ಕನೆಕ್ಟರ್. ಇದು ನನಗೆ ತುಂಬಾ ಹಿಡಿಸಿತು. ದುಬಾರಿ ಕೇಬಲ್ ಹುಡುಕಬೇಕಿಲ್ಲ. ಡಿಶ್ ಹಾಕುವವರ ಹತ್ತಿರ ಇರುವ ಆರ್‌ಜಿ-6 ಕೇಬಲ್ ಸಾಕು. ನಮ್ಮ ಬೀದಿಗೆ ಡಿಶ್ ಹಾಕಲು ಬರುವ ಹುಡುಗನನ್ನೇ ಕರೆಸಿದೆ. 22 ಮೀಟರ್ ಎಳೆದ. ಕೆಲಸ ಮುಗಿಸಿ ಕೆಳಗೆ ಬಂದು ಕೇಳಿದ, "ಆಂಟಿ, ಇದು ಯಾವ ಚಾನೆಲ್‌ದು?" "ಟೈಮ್ ಬರುತ್ತಪ್ಪ ಇದರಲ್ಲಿ" ಅಂದೆ. ಕೂರಿಸಿ ಪರದೆ ತೋರಿಸಿದೆ. ಎಂಟು ಉಪಗ್ರಹದ ನಂಬರ್ ಒಂದೊಂದಾಗಿ ಹಸಿರಾದವು. ಕಾಫಿ ಆರುವವರೆಗೆ ನೋಡುತ್ತಾ ನಿಂತಿದ್ದ.

ಕೇಬಲ್ಲಿನ ಉದ್ದಕ್ಕೂ ಲೆಕ್ಕ ಇಡಬೇಕು. ಆರ್‌ಜಿ-6ರಲ್ಲಿ ಸಿಗ್ನಲ್ ಒಂದು ಮೀಟರ್ ಓಡಲು ಸುಮಾರು 4 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. 22 ಮೀಟರಿಗೆ 90. ಆ ಸಂಖ್ಯೆಯನ್ನು ಪೆಟ್ಟಿಗೆಯ ಸೆಟ್ಟಿಂಗ್ ಒಳಗೆ ಬರೆದರೆ ಪಲ್ಸ್ ಅಷ್ಟು ಮುಂಚೆ ಬರುತ್ತದೆ. ಬರೀ ಫ್ರೀಕ್ವೆನ್ಸಿ ಬೇಕಾದವರಿಗೆ ಇದು ಮುಖ್ಯವಲ್ಲ, ಸಮಯ ಬೇಕಾದವರಿಗೆ ಮುಖ್ಯ.

ಒಂದು ತಪ್ಪು ಆಯಿತು. ಆ ಹುಡುಗ ತಿರುಗಿಸಿ ಹಾಕುವ ಅಗ್ಗದ ಎಫ್ ಕನೆಕ್ಟರ್ ಹಾಕಿದ್ದ. ನಾನೂ ನೋಡಿ ಸುಮ್ಮನಿದ್ದೆ. ಅಕ್ಟೋಬರ್ ಮಳೆಗೆ ನೀರು ಒಳಗೆ ಇಳಿಯಿತು. ಒಂದು ರಾತ್ರಿ ಆಂಟೆನಾ ಅಲಾರಂ ಬಂತು, ಉಪಗ್ರಹಗಳೆಲ್ಲ ಹೋದವು. ಬೆಳಿಗ್ಗೆ ಕನೆಕ್ಟರ್ ಬಿಚ್ಚಿದರೆ ನಡುವಿನ ತಾಮ್ರದ ತಂತಿ ಹಸಿರು ಹಿಡಿದಿತ್ತು. ಈಗ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಹಾಕಿಸಿ, ಮೇಲೆ ರಬ್ಬರ್ ಟೇಪ್ ಸುತ್ತಿ, ಕೇಬಲ್ಲಿಗೆ ಕೆಳಮುಖವಾಗಿ ಒಂದು ಬಳಸು ಕೊಟ್ಟಿದ್ದೇನೆ. ನೀರು ಆ ಬಳಸಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ. ಮೊದಲೇ ಹೀಗೆ ಮಾಡಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಏನು ಮಾಡಬೇಕು? ನನ್ನ ಗೆಳತಿಯೊಬ್ಬಳು ಯಲಹಂಕದಲ್ಲಿ ಆರನೇ ಮಹಡಿಯಲ್ಲಿದ್ದಾಳೆ. ತಾರಸಿ ಮೇಲೆ ಏನೂ ಇಡಬಾರದು ಎಂದು ಅಸೋಸಿಯೇಷನ್ ಹೇಳಿದೆ. ಅವಳ ಬಾಲ್ಕನಿಯಲ್ಲಿ ನನ್ನ ಪೆಟ್ಟಿಗೆ ಎರಡು ದಿನ ಇಟ್ಟು ನೋಡಿದೆವು. ಅರ್ಧ ಆಕಾಶ, ಮೂರೋ ನಾಲ್ಕೋ ಉಪಗ್ರಹ. ಇದು ಮೊದಲು ತಾನಿರುವ ಜಾಗವನ್ನು 2000 ಸಲ ಅಳೆದು ಸರಾಸರಿ ತೆಗೆಯುತ್ತದೆ, ಆಮೇಲೆ ಜಾಗ ಗೊತ್ತು ಎಂದುಕೊಂಡು ಸಮಯವನ್ನಷ್ಟೇ ಲೆಕ್ಕ ಹಾಕುತ್ತದೆ. ಆಗ ಒಂದೇ ಉಪಗ್ರಹ ಇದ್ದರೂ ನಡೆಯುತ್ತದೆ. ಆದರೆ ಎದುರಿನ ಗೋಡೆಗೆ ಬಡಿದು ಬರುವ ಸಿಗ್ನಲ್‌ನಿಂದ ಸಮಯ ಅಲುಗಾಡುತ್ತಿತ್ತು. ಅವಳಿಗೆ ಇದನ್ನು ಕೊಳ್ಳಬೇಡ ಎಂದೆ. ರೇಡಿಯೋ ತಿದ್ದಿಕೊಳ್ಳಲು ಸಾಕಿತ್ತು, ಇಷ್ಟು ದುಡ್ಡಿಗೆ ಸಾಲದು.

ನಾನು ಮೊದಲ ಸಲ ಆನ್ ಮಾಡಿದ್ದು 2025ರ ಆಗಸ್ಟ್ 10, ಭಾನುವಾರ. ಪೆಟ್ಟಿಗೆ ಹೇಳಿದ ತಾರೀಖು 2005ರ ಡಿಸೆಂಬರ್ 25. ಅದೂ ಭಾನುವಾರವೇ. ವಾರ ಸರಿ, ವರ್ಷ ತಪ್ಪು! ಗಾಬರಿ ಆಗಬೇಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಈ ಪೆಟ್ಟಿಗೆಯ ಒಳಗಿನ ಲೆಕ್ಕ 2017ರ ಜುಲೈ 30ಕ್ಕೆ ಮುಗಿದುಹೋಯಿತು. ಅಂದಿನಿಂದ ಸರಿಯಾಗಿ 1024 ವಾರ ಹಿಂದಿನ ತಾರೀಖು ತೋರಿಸುತ್ತದೆ. ಪೂರ್ತಿ ವಾರಗಳೇ ಕಡಿಮೆ ಆಗುವುದರಿಂದ ಭಾನುವಾರ ಭಾನುವಾರವಾಗಿಯೇ ಉಳಿಯುತ್ತದೆ. 10 ಮೆಗಾಹರ್ಟ್ಸ್‌ಗೂ ಸೆಕೆಂಡಿನ ಪಲ್ಸ್‌ಗೂ ಇದರಿಂದ ಏನೂ ಆಗುವುದಿಲ್ಲ. ಲೇಡಿ ಹೆದರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ ಅದೇ ತಾರೀಖು ಸರಿ ಮಾಡಿ ತೋರಿಸುತ್ತದೆ. ಥಂಡರ್‌ಬೋಲ್ಟ್ ಕೊಂಡವರು ಆ ಸಾಫ್ಟ್‌ವೇರ್ ಹಾಕಲೇಬೇಕು. ಅದು ಇಲ್ಲದಿದ್ದರೆ ಪೆಟ್ಟಿಗೆ ಮೂಗ.

ಒಳಗೆ ನಡೆಯುವ ಕೆಲಸ ಏನು ಎಂದು ಮೊಮ್ಮಗಳು ಕೇಳಿದಾಗ ನಾನು ನಮ್ಮ ತಂದೆಯ ಕಥೆ ಹೇಳಿದೆ. ನಮ್ಮ ಮನೆಯ ಗೋಡೆಯಲ್ಲಿ ಒಂದು ಲೋಲಕದ ಗಡಿಯಾರ ಇತ್ತು. ಅಪ್ಪ ದಿನವೂ ಆಕಾಶವಾಣಿಯ ಪೀಪ್ ಪೀಪ್ ಬಂದಾಗ ಅದರ ಕಡೆ ನೋಡುತ್ತಿದ್ದರು. ಆದರೆ ದಿನವೂ ಮುಳ್ಳು ತಿರುಗಿಸುತ್ತಿರಲಿಲ್ಲ. ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ವಾರ ಆದ ಮೇಲೆ ಲೋಲಕದ ಕೆಳಗಿನ ತಿರುಪನ್ನು ಒಂದು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಥಂಡರ್‌ಬೋಲ್ಟ್ ಮಾಡುವುದೂ ಅದನ್ನೇ. ಒಳಗಿರುವ ಕ್ರಿಸ್ಟಲ್ ಒಂದು ಸಣ್ಣ ಒಲೆಯಲ್ಲಿ ಒಂದೇ ಬಿಸಿಯಲ್ಲಿ ಕೂತಿರುತ್ತದೆ. ಸೆಕೆಂಡಿನಿಂದ ಸೆಕೆಂಡಿಗೆ ಅದರ ನಡಿಗೆ ಬಹಳ ನಯ, ಆದರೆ ದಿನಗಳು ಕಳೆದಂತೆ ಜಾರುತ್ತದೆ. ಜಿಪಿಎಸ್ ಇದಕ್ಕೆ ಉಲ್ಟಾ. ಪ್ರತಿ ಸೆಕೆಂಡಿಗೆ ಹತ್ತಾರು ನ್ಯಾನೋಸೆಕೆಂಡ್ ಅಲುಗಾಡುತ್ತದೆ, ಆದರೆ ತಿಂಗಳು ಕಳೆದರೂ ದಾರಿ ತಪ್ಪುವುದಿಲ್ಲ. ಜಿಪಿಎಸ್ ಮಾತನ್ನು ಎಷ್ಟು ಹೊತ್ತು ಕೇಳಿ ತಿರುಪು ಮುಟ್ಟಬೇಕು ಎನ್ನುವುದೇ ಇಡೀ ಗುಟ್ಟು. ಈ ರೀತಿ ಬೇರೆ ಬೇರೆ ಹೊತ್ತಿಗೆ ಗಡಿಯಾರ ಎಷ್ಟು ಸ್ಥಿರ ಎಂದು ಅಳೆಯುವ ಲೆಕ್ಕವನ್ನು ಡೇವಿಡ್ ಆಲನ್ 1966ರಲ್ಲಿ ಕೊಟ್ಟರು. ಇವತ್ತಿಗೂ ಎಲ್ಲರೂ ಅದನ್ನೇ ಬಳಸುತ್ತಾರೆ.

ಕಂಪನಿಯವರು ಈ ಹೊತ್ತನ್ನು 100 ಸೆಕೆಂಡಿಗೆ ಇಟ್ಟಿದ್ದಾರೆ. ಅದು ಅವಸರ ಜಾಸ್ತಿ ಆಯಿತು. ಒಳಗಿನ ಕ್ರಿಸ್ಟಲ್ ಅದಕ್ಕಿಂತ ಒಳ್ಳೆಯದು. ನಾನು 500 ಸೆಕೆಂಡಿಗೆ ಬದಲಾಯಿಸಿದ ದಿನವೇ ತಿದ್ದುಪಡಿಯ ಗೆರೆ ನಯವಾಯಿತು. ಆದರೆ ಹೀಗೆ ಹೊತ್ತು ಹೆಚ್ಚಿಸಿದರೆ ಕೋಣೆಯ ಬಿಸಿಲು ಗಾಳಿ ಎಲ್ಲ ಕಾಣಲು ಶುರುವಾಗುತ್ತದೆ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗವೇ ಇದು. ಲೇಡಿ ಹೆದರ್ ಪರದೆಯಲ್ಲಿ ಒಂದು ಗೆರೆ ಪೆಟ್ಟಿಗೆಯ ಉಷ್ಣಾಂಶ, ಇನ್ನೊಂದು ಗೆರೆ ಕ್ರಿಸ್ಟಲ್ ತಿದ್ದುವ ವೋಲ್ಟೇಜ್. ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಮೊದಲ ವಾರ ನನ್ನ ಗೆರೆಯಲ್ಲಿ ದಿನವೂ ಬೆಳಿಗ್ಗೆ ಆರು ಮುಕ್ಕಾಲಿಗೆ ಒಂದು ಗುಂಡಿ ಬೀಳುತ್ತಿತ್ತು. ಏನಿದು ಎಂದು ತಲೆ ಕೆಡಿಸಿಕೊಂಡೆ. ನೋಡಿದರೆ ಅದು ನಾನು ಎದ್ದು ಕಿಟಕಿ ತೆಗೆಯುವ ಹೊತ್ತು. ಮಧ್ಯಾಹ್ನ ಎರಡಕ್ಕೆ ಇನ್ನೊಂದು. ಅದು ನಮ್ಮ ಯಜಮಾನರು ಊಟ ಮಾಡಿ ಬಂದು ಫ್ಯಾನ್ ಹಾಕಿ ಮಲಗುವ ಹೊತ್ತು. ಗೌರಿ ಹಬ್ಬದ ದಿನ ಪಕ್ಕದ ಅಡುಗೆಮನೆಯಲ್ಲಿ ಒಬ್ಬಟ್ಟು ಬೇಯುತ್ತಿತ್ತು, ಬೆಳಗಿನಿಂದ ಗೆರೆ ಏರಿಕೊಂಡೇ ಹೋಯಿತು. ಮನೆಯ ದಿನಚರಿ ಪೂರ್ತಿ ಆ ಗೆರೆಯಲ್ಲಿ ಇತ್ತು. ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ (ಉಳಿದವನ್ನೆಲ್ಲ ಹೋಲಿಸಿ ನೋಡುವ ಮೂಲ ಉಪಕರಣ) ಇಟ್ಟ ಕೋಣೆಗೆ ಬೀಗ ಯಾಕೆ ಹಾಕುತ್ತಿದ್ದರು, ಯಾಕೆ ನಮ್ಮನ್ನು ಒಳಗೆ ನಿಂತು ಮಾತಾಡಲು ಬಿಡುತ್ತಿರಲಿಲ್ಲ ಎನ್ನುವುದು ಆಗ ಪೂರ್ತಿ ಅರ್ಥ ಆಯಿತು. ಒಬ್ಬ ಮನುಷ್ಯ ನಿಂತರೂ ಕೋಣೆ ಬಿಸಿಯಾಗುತ್ತದೆ, ಅಲ್ವಾ?

ಈಗ ಪೆಟ್ಟಿಗೆಯನ್ನು ಒಂದು ರಟ್ಟಿನ ಡಬ್ಬದೊಳಗೆ ಇಟ್ಟಿದ್ದೇನೆ. ಕೆಳಗೆ ಎರಡು ಇಟ್ಟಿಗೆ. ಇಟ್ಟಿಗೆ ಬೇಗ ಬಿಸಿಯಾಗುವುದಿಲ್ಲ, ಬೇಗ ತಣ್ಣಗೂ ಆಗುವುದಿಲ್ಲ. ಡಬ್ಬಕ್ಕೆ ಪಕ್ಕದಲ್ಲಿ ಸಣ್ಣ ತೂತುಗಳಿವೆ, ಯಾಕೆಂದರೆ 10 ವಾಟ್ ಶಾಖ ಹೊರಗೆ ಹೋಗಲೇಬೇಕು. ದಿನಕ್ಕೆ 6 ಡಿಗ್ರಿ ಏರಿಳಿಯುತ್ತಿದ್ದದ್ದು ಒಂದೂವರೆಗೆ ಇಳಿಯಿತು. ಖರ್ಚು ಏನೂ ಇಲ್ಲ. ಥರ್ಮೋಕೋಲಿನಲ್ಲಿ ಪೂರ್ತಿ ಮುಚ್ಚಬೇಡಿ, ಬೆಂದುಹೋಗುತ್ತದೆ.

ಬೆಂಗಳೂರಿಗೇ ಸೇರಿದ ಇನ್ನೊಂದು ಸಂಗತಿ ಇದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೆಲವು ದಿನ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಉಪಗ್ರಹಗಳ ಸಿಗ್ನಲ್ ಕುಣಿಯುತ್ತಿತ್ತು. ಎರಡು ಮೂರು ಒಟ್ಟಿಗೆ ಬಿಟ್ಟುಹೋಗಿ ಮತ್ತೆ ಬರುತ್ತಿದ್ದವು. ಆಂಟೆನಾ ಹಾಳಾಯಿತು ಎಂದುಕೊಂಡೆ. ಹಾಳಾಗಿರಲಿಲ್ಲ. ನಾವು ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರ ಇದ್ದೇವೆ. ಕೇರಳದ ತುಂಬಾ ಎಂಬ ಊರಿನಲ್ಲಿ 1963ರಲ್ಲಿ ರಾಕೆಟ್ ಹಾರಿಸಲು ಜಾಗ ಆರಿಸಿದ್ದೂ ಆ ರೇಖೆ ಅಲ್ಲಿ ಹಾದುಹೋಗುತ್ತದೆ ಎಂದೇ. ಈ ರೇಖೆಯ ಆಚೀಚೆ ಸೂರ್ಯ ಮುಳುಗಿದ ಮೇಲೆ ಮೇಲಿನ ಅಯಾನುಗೋಳ, ಅಂದರೆ ವಿದ್ಯುತ್ ಕಣಗಳಿರುವ ವಾತಾವರಣದ ಪದರ, ಕದಡುತ್ತದೆ. ಹಗಲು ರಾತ್ರಿ ಸಮ ಇರುವ ತಿಂಗಳುಗಳಲ್ಲಿ ಇದು ಜಾಸ್ತಿ, ಸೂರ್ಯನ ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ ಇನ್ನೂ ಜಾಸ್ತಿ. ಥಂಡರ್‌ಬೋಲ್ಟ್ ಕೇಳುವುದು 1575.42 ಮೆಗಾಹರ್ಟ್ಸ್ ಒಂದನ್ನೇ. ಹೋಲಿಸಲು ಇನ್ನೊಂದು ಫ್ರೀಕ್ವೆನ್ಸಿ ಇಲ್ಲದ ಕಾರಣ, ಅಯಾನುಗೋಳ ದಾಟುವಾಗ ಸಿಗ್ನಲ್‌ಗೆ ಆಗುವ ತಡವನ್ನು ಅಳೆದು ಕಳೆಯಲು ಅದಕ್ಕೆ ಬರುವುದಿಲ್ಲ. ಯುರೋಪ್, ಅಮೆರಿಕದವರು ಹಾಕುವ ಚಂದದ ಗೆರೆಗಳನ್ನು ನೋಡಿ ನಮ್ಮಲ್ಲೂ ಹಾಗೇ ಬರುತ್ತದೆ ಎಂದು ನಂಬಬೇಡಿ. ಇಲ್ಲಿ ಮುಖ್ಯವಾದ ಅಳತೆಗಳನ್ನು ನಾನು ಬೆಳಗಿನ ಜಾವ ಮಾಡುತ್ತೇನೆ. ನಾಲ್ಕರಿಂದ ಆರರವರೆಗೆ ಆಕಾಶವೂ ಶಾಂತ, ಮನೆಯೂ ಶಾಂತ.

ಇದೇ ಕಾರಣಕ್ಕೆ, ಸಮಯದ ಕೊನೆಯ ನ್ಯಾನೋಸೆಕೆಂಡ್ ಬೇಕಾದವರು ಈಗ ಬರುವ ಎರಡು ಫ್ರೀಕ್ವೆನ್ಸಿಯ ಟೈಮಿಂಗ್ ಮಾಡ್ಯೂಲ್‌ಗಳ ಕಡೆ ನೋಡುವುದು ಒಳ್ಳೆಯದು. ನಮ್ಮದೇ ಉಪಗ್ರಹಗಳ ಸಮಯ ಹಿಡಿಯಬೇಕು ಎಂಬ ಇನ್ನೊಂದು ಆಸೆಯೂ ನನಗಿದೆ. ಜಿಪಿಎಸ್‌ನಂಥದ್ದೇ ಆದ ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಸಮಯ ತಯಾರಾಗುವುದು ಇಲ್ಲೇ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ, ಸೀಸಿಯಂ ಮತ್ತು ಹೈಡ್ರೋಜನ್ ಮೇಸರ್ ಎಂಬ ಪರಮಾಣು ಗಡಿಯಾರಗಳ ನಡುವೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಪರಮಾಣು ಗಡಿಯಾರ ಇದೆ. ನಾವಿಕ್‌ನ ಮೊದಲ ಉಪಗ್ರಹದಲ್ಲಿದ್ದ ಹೊರದೇಶದ ರುಬಿಡಿಯಂ ಗಡಿಯಾರಗಳು ಮೂರೂ ನಿಂತುಹೋದ ಮೇಲೆ ಅದನ್ನು ಮಾಡಿದ್ದು ಎಷ್ಟು ದೊಡ್ಡ ಕೆಲಸ ಎಂದು ಕ್ರಿಸ್ಟಲ್ ಟೆಸ್ಟ್ ಮಾಡಿದ ನನಗೆ ಗೊತ್ತು. ಥಂಡರ್‌ಬೋಲ್ಟ್‌ಗೆ ನಾವಿಕ್ ಕೇಳಿಸುವುದಿಲ್ಲ. ನಮ್ಮೂರಿನ ಸಮಯವನ್ನು ಬಿಟ್ಟು ಅಮೆರಿಕದ ಸಮಯ ಹಿಡಿಯುತ್ತಿದ್ದೇನಲ್ಲ ಎಂದು ಆಗಾಗ ಅನಿಸುತ್ತದೆ.

ಕರೆಂಟ್ ಹೋದರೆ ಏನು? ಒಲೆ ಆರಿದರೆ ಕ್ರಿಸ್ಟಲ್ ಮತ್ತೆ ಬಿಸಿಯಾಗಿ ನೆಲೆಗೊಳ್ಳಲು ಹೊತ್ತು ಬೇಕು. ಅರ್ಧ ಗಂಟೆಯಲ್ಲಿ ಲಾಕ್ ಆಗುತ್ತದೆ, ಆದರೆ ನಿಜವಾಗಿ ಮೊದಲಿನಂತೆ ಆಗಲು ನನ್ನ ಪೆಟ್ಟಿಗೆಗೆ ಎರಡು ದಿನ ಬೇಕಾಯಿತು. ಹಾಗಾಗಿ ಇದನ್ನು ಯಾವತ್ತೂ ಆಫ್ ಮಾಡಬಾರದು. ಮನೆಯ ಇನ್ವರ್ಟರ್‌ಗೆ ಹಾಕಿದ್ದೇನೆ. ಒಂದು ಕಿವಿಮಾತು: ಇನ್ವರ್ಟರ್ ಹಿಂದೆ ಯುಪಿಎಸ್ ಮತ್ತು ನಾರ್ಮಲ್ ಎಂದು ಒಂದು ಸ್ವಿಚ್ ಇರುತ್ತದೆ. ಅದು ಯುಪಿಎಸ್ ಕಡೆ ಇರಲಿ. ನಾರ್ಮಲ್‌ನಲ್ಲಿ ಬದಲಾಗುವಾಗ ತಡ ಆಗುತ್ತದೆ, ಪೆಟ್ಟಿಗೆ ರೀಸೆಟ್ ಆಗುತ್ತದೆ. ಎರಡು ಸಲ ಹೀಗಾದ ಮೇಲೆ ಸ್ವಿಚ್ ನನ್ನ ಕಣ್ಣಿಗೆ ಬಿತ್ತು.

ಇಷ್ಟೆಲ್ಲ ಮಾಡಿ ಏನು ಉಪಯೋಗ ಎಂದು ಕೇಳುವವರು ಇದ್ದಾರೆ. ಕೌಂಟರಿನ ಹಿಂದಿನ ಇನ್‌ಪುಟ್‌ಗೆ ಥಂಡರ್‌ಬೋಲ್ಟ್ ಕೊಟ್ಟ ಕೂಡಲೇ ಅದರ 10 ಅಂಕಿಯೂ ನಂಬುವಂಥದ್ದಾಯಿತು. ನಮ್ಮ ಬೀದಿಯಲ್ಲಿ ಹ್ಯಾಮ್ ರೇಡಿಯೋ ಹವ್ಯಾಸ ಇರುವ ಹುಡುಗ ತನ್ನ ರೇಡಿಯೋ ತಂದು ತಿದ್ದಿಸಿಕೊಂಡು ಹೋದ. ಒಂದು ಸಣ್ಣ 6 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇಟ್ಟು ಮನೆಯ ಕರೆಂಟಿನ ಫ್ರೀಕ್ವೆನ್ಸಿಯನ್ನೂ ಒಂದು ವಾರ ಬರೆದೆ. ನಿಯಮದ ಪ್ರಕಾರ ಅದು 49.90ರಿಂದ 50.05 ಹರ್ಟ್ಸ್ ನಡುವೆ ಇರಬೇಕು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕೆವಿ ಲೈನಿನಿಂದ ದಕ್ಷಿಣದ ಗ್ರಿಡ್ ಉಳಿದ ದೇಶಕ್ಕೆ ಸೇರಿತು. ಅಂದಿನಿಂದ ನಮ್ಮ ಮಿಕ್ಸಿಯೂ ದೆಹಲಿಯ ಫ್ಯಾನೂ ಒಂದೇ ತಾಳಕ್ಕೆ ತಿರುಗುತ್ತಿವೆ. ನಿಜ ಹೇಳಬೇಕೆಂದರೆ ಈ ಅಳತೆಗೆ ಥಂಡರ್‌ಬೋಲ್ಟ್ ಬೇಡ, ಯಾವ ಕೌಂಟರ್ ಆದರೂ ಸಾಕು. ನೋಡುವ ಆಸೆಯಿಂದ ನೋಡಿದೆ.

ಥಂಡರ್‌ಬೋಲ್ಟ್ ನಿಜವಾಗಿ ಬೇಕಾಗಿದ್ದು ವಾಚ್ ಅಂಗಡಿಯಲ್ಲಿ. ನಮ್ಮ ಮಾವನವರು ಎಚ್‌ಎಂಟಿಯಲ್ಲಿದ್ದವರು. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಜಾಲಹಳ್ಳಿಯಲ್ಲಿ ವಾಚ್ ಮಾಡಲು ಶುರು ಮಾಡಿದರಲ್ಲ, ಅದೇ ಕಾರ್ಖಾನೆ. ಅವರ ಜನತಾ ವಾಚ್ ಈಗ ನನ್ನ ಕೈಯಲ್ಲಿದೆ. ಗಂಟೆಗೆ 18,000 ಸಲ ಬಡಿಯುತ್ತದೆ, ಸೆಕೆಂಡಿಗೆ 5. ಪಕ್ಕದ ಬೀದಿಯಲ್ಲಿ ವಾಚ್ ರಿಪೇರಿ ಮಾಡುವ ಅಣ್ಣ ಇದ್ದಾರೆ. ಅವರ ಹತ್ತಿರ ಟೈಮ್‌ಗ್ರಾಫರ್ ಇದೆ. ವಾಚನ್ನು ಅದರ ಮೈಕಿನ ಮೇಲೆ ಇಟ್ಟರೆ ಟಿಕ್ ಟಿಕ್ ಕೇಳಿಸಿಕೊಂಡು ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ, ಎಷ್ಟು ಹಿಂದೆ ಎಂದು ಹೇಳುತ್ತದೆ. ಅಣ್ಣ ಒಂದು ದಿನ ಕೇಳಿದರು, "ಅಕ್ಕಾ, ಇದು ಹೇಳೋದು ನಿಜ ಅಂತ ನಂಗೆ ಯಾರು ಹೇಳಬೇಕು?" ನಾನು 31 ವರ್ಷ ಕೇಳಿಕೊಂಡಿದ್ದ ಪ್ರಶ್ನೆಯೇ ಅದು.

10 ಮೆಗಾಹರ್ಟ್ಸ್ ಅನ್ನು 20 ಲಕ್ಷದಿಂದ ಭಾಗಿಸಿದರೆ ಸೆಕೆಂಡಿಗೆ ಸರಿಯಾಗಿ 5 ಬರುತ್ತದೆ. ಪಿಐಸಿ ಎಂಬ, ಪ್ರೋಗ್ರಾಂ ಹಾಕಬಹುದಾದ ಒಂದು ಸಣ್ಣ ಚಿಪ್ಪಿಗೆ ಥಂಡರ್‌ಬೋಲ್ಟ್‌ನ 10 ಮೆಗಾಹರ್ಟ್ಸ್ ಅನ್ನೇ ಗಡಿಯಾರವಾಗಿ ಕೊಟ್ಟೆ. ಆ ಚಿಪ್ ನಾಲ್ಕು ಬಡಿತಕ್ಕೆ ಒಂದು ಆದೇಶ ಮುಗಿಸುತ್ತದೆ. ಹಾಗಾಗಿ ಒಂದು ಟಿಕ್‌ಗೆ 5 ಲಕ್ಷ ಆದೇಶ. ಅಷ್ಟನ್ನು ಎಣಿಸಿ ಒಂದು ಚಪ್ಪಟೆ ಬಜರ್ ಅನ್ನು ಟಿಕ್ ಎನ್ನಿಸುವ ಪ್ರೋಗ್ರಾಂ ಬರೆದೆ. ಅಣ್ಣ ಟೈಮ್‌ಗ್ರಾಫರ್ ಹೊತ್ತುಕೊಂಡು ನಮ್ಮ ಮನೆಗೇ ಬಂದರು. ಬಜರ್ ಅನ್ನು ಮೈಕಿನ ಹಿಡಿಯಲ್ಲಿ ಸಿಕ್ಕಿಸಿದೆವು. ಪರದೆ ಮೇಲೆ ದಿನಕ್ಕೆ ಪ್ಲಸ್ 2 ಸೆಕೆಂಡ್ ಬಂತು. ಹತ್ತು ನಿಮಿಷ ಬಿಟ್ಟು ನೋಡಿದರೂ ಪ್ಲಸ್ 2. ಅಂದರೆ ಅವರ ಉಪಕರಣದ ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಸುಮಾರು 23ರಷ್ಟು ನಿಧಾನ. ಅವರು ಜೇಬಿನಿಂದ ಪೆನ್ ತೆಗೆದು ಒಂದು ಚೀಟಿಯಲ್ಲಿ "2 ಕಳೆ" ಎಂದು ಬರೆದು ಟೈಮ್‌ಗ್ರಾಫರ್ ನೆತ್ತಿಗೆ ಅಂಟಿಸಿದರು. ಕೆಳಗೆ ತಾರೀಖು ಹಾಕಿದರು. ನನ್ನ ಕೈಗೆ ಪೆನ್ ಕೊಟ್ಟು ಸಹಿ ಮಾಡಿಸಿಕೊಂಡರು.

ಜಿಪಿಎಸ್ ಪೆಟ್ಟಿಗೆಯ ಬದಲು ರುಬಿಡಿಯಂ ಗಡಿಯಾರ ಬೇಡವೇ ಎಂದು ಕೇಳುತ್ತಾರೆ. ಬಳಸಿದ ಎಫ್‌ಇ-5680ಎ ಸಿಗುತ್ತದೆ, ಅಂಗೈಗಿಂತ ಸ್ವಲ್ಪ ದೊಡ್ಡದು, ಆಂಟೆನಾ ಬೇಡ. ಆದರೆ ಅದು ಕೂಡ ನಿಧಾನವಾಗಿ ಜಾರುತ್ತದೆ. ಅದನ್ನೂ ಯಾವುದಕ್ಕಾದರೂ ಹೋಲಿಸಿ ತಿದ್ದಬೇಕು. ಹಾಗಾಗಿ ಮೊದಲು ಜಿಪಿಎಸ್ ಪೆಟ್ಟಿಗೆ, ಆಮೇಲೆ ರುಬಿಡಿಯಂ. ಇನ್ನೂ ಮುಂದೆ ಹೋಗುವವರೂ ಇದ್ದಾರೆ. ಟಾಮ್ ವ್ಯಾನ್ ಬಾಕ್ ಎಂಬ ಅಮೆರಿಕದ ಹವ್ಯಾಸಿ 2005ರಲ್ಲಿ ಮೂರು ಸೀಸಿಯಂ ಗಡಿಯಾರ ಮತ್ತು ತಮ್ಮ ಮೂವರು ಮಕ್ಕಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ರೇನಿಯರ್ ಬೆಟ್ಟಕ್ಕೆ ಹೋದರು. ವಾರಾಂತ್ಯ ಕಳೆದು ಇಳಿದು ಬಂದಾಗ ಗಡಿಯಾರಗಳು 20ಕ್ಕೂ ಹೆಚ್ಚು ನ್ಯಾನೋಸೆಕೆಂಡ್ ಮುಂದೆ ಹೋಗಿದ್ದವು. ಎತ್ತರದಲ್ಲಿ ಕಾಲ ಬೇಗ ಓಡುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದು ಒಂದು ಕುಟುಂಬದ ಪ್ರವಾಸದಲ್ಲಿ ಕಂಡಿತು. ನಾನು ನಂದಿ ಬೆಟ್ಟಕ್ಕೆ ಲೆಕ್ಕ ಹಾಕಿದೆ. ಅದು ನಮ್ಮ ಊರಿಗಿಂತ ಸುಮಾರು 550 ಮೀಟರ್ ಎತ್ತರ. ಒಂದು ಇಡೀ ದಿನ ಮೇಲಿದ್ದರೆ ಸಿಗುವುದು 5 ನ್ಯಾನೋಸೆಕೆಂಡ್. ನನ್ನ ಪೆಟ್ಟಿಗೆಗೆ ಅದು ಕಾಣುವುದಿಲ್ಲ. ಆದರೆ ಮೊಮ್ಮಗಳು ಆ ಲೆಕ್ಕವನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ.

ಎಂಟು ತಿಂಗಳ ಮೇಲೆ ನನ್ನ ಮಾತು ಇಷ್ಟು. ಸ್ವಂತ ತಾರಸಿ ಇದ್ದು, ಮೇಜಿನ ಮೇಲೆ ಒಂದು ಕೌಂಟರ್ ಇದ್ದು, ಅದರ ಅಂಕಿಗಳನ್ನು ನಂಬಬೇಕು ಎಂಬ ಹಂಬಲ ಇದ್ದರೆ 21 ಸಾವಿರ ದಂಡ ಅಲ್ಲ. ಸಪ್ಲೈ, ಆಂಟೆನಾ, ಕೇಬಲ್ಲಿಗೆ ಇನ್ನೂ ಆರೇಳು ಸಾವಿರ ಇಟ್ಟುಕೊಳ್ಳಿ. ಒಳ್ಳೆಯ ಕನೆಕ್ಟರ್‌ಗೆ ಜಿಪುಣತನ ಬೇಡ.

ನಮ್ಮ ದಕ್ಷಿಣಕ್ಕೆ ಇರುವ ಮನೆಯವರು ಮೂರನೇ ಅಂತಸ್ತಿಗೆ ಕಂಬ ಎಬ್ಬಿಸುತ್ತಿದ್ದಾರೆ. ಮೋಲ್ಡ್ ಹಾಕುವ ಮುಂಚೆ ನಾನು ಆಂಟೆನಾವನ್ನು ಟ್ಯಾಂಕಿನ ಉತ್ತರದ ಮೂಲೆಗೆ ಒಯ್ಯಬೇಕು. ಡಿಶ್ ಹುಡುಗನಿಗೆ ಹೇಳಿದ್ದೇನೆ, ಭಾನುವಾರ ಬರುತ್ತಾನೆ. 22 ಮೀಟರ್ ಕೇಬಲ್ 30 ಆಗುತ್ತದೆ. ಒಳಗೆ ಬರೆಯಬೇಕಾದ ಸಂಖ್ಯೆ 122 ನ್ಯಾನೋಸೆಕೆಂಡ್.